ಮುಂದ ನಿಂತು ಹಾಡಿದವರು: ಶರೀಫಜ್ಜನ ಪದ, ರಘು ದೀಕ್ಷಿತ್ ಗಿಟಾರ್, ನಮ್ಮ ಮಾನ್ವಿ

ಭಾಗ 1

ಫೋಟೋದಲ್ಲಿ ಇರೋದು ನಮ್ಮ ಪ್ರಾಕ್ಟೀಸ್ ರೂಮ್. ರಾಯಚೂರಿನ ಬೇಸಿಗೆ, ಮೇಲೆ ತಗಡು, ಒಂದೇ ಫ್ಯಾನ್. ಎಡಕ್ಕೆ ಗಿಟಾರ್, ಬಲಕ್ಕೆ ಡ್ರಮ್, ನಡುವೆ ಖಾಲಿ ನಿಂತಿರೋ ಮೈಕ್ ಸ್ಟ್ಯಾಂಡ್. ಆ ಸ್ಟ್ಯಾಂಡ್ ಯಾಕೆ ಖಾಲಿ ಅಂತ ಭಾಳ ಮಂದಿ ಮೆಸೇಜ್ ಮಾಡಿ ಕೇಳಿದ್ರಿ. ಅದಕ್ಕೇ ಈ ಸರಣಿ.

ಹೋದ ವರ್ಷ ಒಂದು ಫೆಸ್ಟಿಗೆ ನಾವು ಬ್ಯಾಂಡ್ ವಿಭಾಗದಲ್ಲಿ ಹೆಸರು ಕೊಟ್ಟಿದ್ವಿ. ಹಾಡೋನು ದೇವದುರ್ಗ ತಾಲೂಕಿನ ಹುಡುಗ. ಅವನ ಅಜ್ಜ ಊರಿನ ಭಜನಿ ಮ್ಯಾಳದಾಗ ಏಕತಾರಿ ಹಿಡಿದು ತತ್ವಪದ ಹಾಡ್ತಾರೆ. ಮೊಮ್ಮಗನ ಗಂಟಲು ಪಳಗಿದ್ದೂ ಅಲ್ಲೇ. ನಾವು ಆರಿಸಿಕೊಂಡಿದ್ದು ಶಿಶುನಾಳ ಶರೀಫರ ಒಂದು ಪದ. ಫಾರ್ಮ್ ತಗೊಂಡ ಸೀನಿಯರ್ ಒಬ್ಬರು ಹಾಡಿನ ಹೆಸರು ನೋಡಿ, "ಇದು ಜಾನಪದ ಅಲ್ಲೇನ್ರೋ? ಅದಕ್ಕ ಬ್ಯಾರೆ ವಿಭಾಗ ಅದ, ಅಲ್ಲಿ ಹೋಗ್ರಿ. ಬ್ಯಾಂಡ್ ಅಂದ್ರ ರಾಕ್" ಅಂದ್ರು. ಅವರು ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ. ನಮಗೂ ಒಳಗೊಳಗೆ ಹಾಗೇ ಅನ್ನಿಸಿತ್ತು ಅನ್ನೋದೇ ನಿಜ. ಹೂಂ ಅಂದ್ವಿ. ಒಂದು ಇಂಗ್ಲಿಷ್, ಒಂದು ಹಿಂದಿ ಹಾಡು ಕಲಿತು ಹೋಗಿ ಬಂದ್ವಿ. ಅವನು ಎರಡನ್ನೂ ಹಾಡಿದ, ಚಲೋನೇ ಹಾಡಿದ. ಆಮೇಲೆ ಪ್ರಾಕ್ಟೀಸಿಗೆ ಬರೋದು ಬಿಟ್ಟ.

"ಬ್ಯಾಂಡ್ ಅಂದ್ರ ರಾಕ್, ರಾಕ್ ಅಂದ್ರ ಕನ್ನಡ ಅಲ್ಲ." ಈ ಮಾತು ಎಲ್ಲಿಂದ ಬಂತು, ಅದನ್ನ ಸುಳ್ಳು ಮಾಡಿದವರು ಯಾರು ಅಂತ ಹುಡುಕ್ತಾ ಹೋದೆ. ಮೈಸೂರಿಗೆ ಹೋದ ದಾರಿ ಕೊನೆಗೆ ನಮ್ಮ ಮಾನ್ವಿಗೇ ಬಂದು ನಿಂತಿತು.

ಭಾಗ 2

ಮೊದಲು ಒಂದು ಶಬ್ದ: ಆಲ್ಟರ್ನೇಟಿವ್ ರಾಕ್. ಹೆಸರು ದೊಡ್ಡದು, ಅರ್ಥ ಸರಳ. ದೊಡ್ಡ ಕಂಪನಿಗಳು, ದೊಡ್ಡ ರೇಡಿಯೋಗಳು ಯಾವುದನ್ನ "ಓಡೋ ಹಾಡು" ಅಂತಿದ್ದವೋ ಅದರ ಹೊರಗೆ ಬೆಳೆದ ರಾಕ್. ಅಮೆರಿಕದಲ್ಲಿ 1980ರ ದಶಕದಲ್ಲಿ ಕಾಲೇಜು ರೇಡಿಯೋ, ಸಣ್ಣ ಲೇಬಲ್ಲು, ಸಣ್ಣ ಹಾಲ್‌ಗಳಲ್ಲಿ ಇದು ಬೆಳೀತು. 1991ರ ಸೆಪ್ಟೆಂಬರ್‌ನಲ್ಲಿ ನಿರ್ವಾಣ ಬ್ಯಾಂಡಿನ 'ನೆವರ್‌ಮೈಂಡ್' ಬಂತು. 1992ರ ಜನವರಿಯಲ್ಲಿ ಅದು ಮೈಕಲ್ ಜಾಕ್ಸನ್ ಆಲ್ಬಮ್ಮನ್ನು ಕೆಳಗಿಳಿಸಿ ಅಮೆರಿಕದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಏರಿತು. ಟೀ ಶರ್ಟ್ ಮೇಲೆ ಆ ಹಳದಿ ನಗುಮುಖ ಹಾಕ್ಕೊಂಡು ಓಡಾಡೋರು ನಮ್ಮ ಕ್ಲಾಸಲ್ಲೇ ಮೂವರು ಇದ್ದೀರಿ, ಹೆಸರು ಹೇಳಲ್ಲ.

ಆ ಬ್ಯಾಂಡಿನ ಮುಂದೆ ನಿಂತವನು ಕರ್ಟ್ ಕೋಬೇನ್. 1993ರ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ಎಂಟಿವಿಗೆ ಅವರು ಅನ್‌ಪ್ಲಗ್ಡ್ ಕಾರ್ಯಕ್ರಮ ಕೊಟ್ಟರು. ಕೊನೆಯ ಹಾಡು ಅವನದಾಗಿರಲಿಲ್ಲ. ಅಮೆರಿಕದ ಹಳೇ ಜನಪದ ಹಾಡು. 1949ರಲ್ಲಿ ತೀರಿಹೋಗಿದ್ದ ಕಪ್ಪು ಗಾಯಕ ಲೆಡ್ ಬೆಲ್ಲಿ ಹಾಡಿದ್ದ ಧಾಟಿ ಹಿಡಿದು ಕೋಬೇನ್ ಅದನ್ನ ಹಾಡಿದ. ಐದು ತಿಂಗಳೊಳಗೆ, 27ನೇ ವಯಸ್ಸಿಗೆ ಅವನು ಹೋದ. ಜಗತ್ತಿನ ಅತಿ ದೊಡ್ಡ ಆಲ್ಟರ್ನೇಟಿವ್ ರಾಕ್ ಹುಡುಗ ಆ ಸಂಜೆ ಮುಗಿಸಿದ್ದು ಜನಪದದಿಂದ. ಅವನಿಗೆ ಯಾರೂ "ಬ್ಯಾರೆ ವಿಭಾಗಕ್ಕ ಹೋಗು" ಅನ್ನಲಿಲ್ಲ ನೋಡ್ರಿ.

ಇನ್ನೊಂದು ಶಬ್ದ, ಫ್ರಂಟ್‌ಮ್ಯಾನ್. ಇದಕ್ಕೆ ನಮ್ಮಲ್ಲಿ ಶಬ್ದ ಇಲ್ಲ ಅನ್ನಬೇಡಿ. ಗೀಗೀ ಪದದವರನ್ನ ಕೇಳಿ: ಮುಮ್ಮೇಳ, ಹಿಮ್ಮೇಳ. ಮುಂದಿನವ ನುಡಿ ಎತ್ತತಾನ, ಹಿಂದಿನವರು ಪಲ್ಲವಿ ಹಿಡೀತಾರ.

ಭಾಗ 3

ಕನ್ನಡದ ಪದ ಹಿಡಿದು ರಾಕ್ ವೇದಿಕೆಯ ಮುಮ್ಮೇಳಕ್ಕೆ ನಿಂತವರಲ್ಲಿ ಅತಿ ದೂರ ಹೋದ ಹೆಸರು ರಘು ದೀಕ್ಷಿತ್. ಅವರ ಸಂಗೀತವನ್ನ ಕೆಲವರು ಫೋಕ್ ರಾಕ್ ಅಂತಾರೆ, ಕೆಲವರು ಇಂಡೀ ಅಂತಾರೆ. ಹೆಸರಿನ ಜಗಳ ನನಗೆ ಬ್ಯಾಡ.

ಹುಟ್ಟಿದ್ದು 1974ರಲ್ಲಿ ನಾಸಿಕ್‌ನಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಕಲಿತದ್ದು ಭರತನಾಟ್ಯ. ಓದಿದ್ದು ಮೈಕ್ರೋಬಯಾಲಜಿ, ಎಂಎಸ್ಸಿಯಲ್ಲಿ ಚಿನ್ನದ ಪದಕ. ಮನೆ ಸಂಪ್ರದಾಯಸ್ಥರದು, ಗಿಟಾರಿಗೆ ಅಲ್ಲಿ ಜಾಗ ಇರಲಿಲ್ಲ. ಗಿಟಾರ್ ಬಂದದ್ದು ಪಂಥದಿಂದ. ಇದನ್ನ ಅವರೇ ಸಂದರ್ಶನಗಳಲ್ಲಿ ಹೇಳ್ಕೊಂಡಿದ್ದಾರೆ: ಕಾಲೇಜಿನ ಗೆಳೆಯನೊಬ್ಬ, ಗಂಡಸಾಗಿ ಡ್ಯಾನ್ಸ್ ಮಾಡ್ತೀಯಾ ಅಂತ ಕಿಚಾಯಿಸಿದ. ಎರಡು ತಿಂಗಳಲ್ಲಿ ನಾನು ಗಿಟಾರ್ ಕಲೀತೀನಿ, ನೀನು ಡ್ಯಾನ್ಸ್ ಕಲಿ ಅಂತ ಇವರು ಪಂಥ ಕಟ್ಟಿದರು. ಕಲಿಸಿದವರು ಮೈಸೂರಿನ ಸೆಮಿನರಿಯಲ್ಲಿ ಪಾದ್ರಿ ಆಗೋಕೆ ಓದ್ತಿದ್ದ ಹುಡುಗರು. ಗೆಳೆಯ ಡ್ಯಾನ್ಸ್ ಕಲಿತನೋ ಇಲ್ಲೋ, ಗಿಟಾರ್ ಮಾತ್ರ ಇವರ ಕೈ ಬಿಡಲಿಲ್ಲ. ಡ್ಯಾನ್ಸೂ ಬಿಡಲಿಲ್ಲ. ಇವತ್ತಿಗೂ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ವೇದಿಕೆ ಮೇಲೆ ಕುಣೀತಾರೆ.

1990ರ ದಶಕದ ಕೊನೆಯಲ್ಲಿ ಪಿಟೀಲಿನ ಎಚ್.ಎನ್. ಭಾಸ್ಕರ್ ಜೊತೆ ಸೇರಿ 'ಅಂತರಾಗ್ನಿ' ಅಂತ ಬ್ಯಾಂಡ್ ಕಟ್ಟಿದರು. ನಡುವೆ ಔಷಧ ಕಂಪನಿಯ ಕೆಲಸ, ಬೆಲ್ಜಿಯಂ ವಾಸ. ಅದನ್ನ ಬಿಟ್ಟು ಮತ್ತೆ ಬೆಂಗಳೂರು. ಆ ಕಾಲದ ಬೆಂಗಳೂರಿಗೆ "ರಾಕ್ ಸಿಟಿ" ಅಂತ ಹೆಸರು. 1996ರಲ್ಲೇ ಶುರುವಾಗಿದ್ದ ಥರ್ಮಲ್ ಅಂಡ್ ಎ ಕ್ವಾರ್ಟರ್ ಥರದ ಒಳ್ಳೇ ಬ್ಯಾಂಡುಗಳಿದ್ದವು. ಅವರು ಬರೆದು ಹಾಡ್ತಿದ್ದದ್ದು ಇಂಗ್ಲಿಷಿನಲ್ಲಿ. ನಮ್ಮ ಸೀನಿಯರ್ ಮಾತಿನ ಬೇರು ಅಲ್ಲೇ ಎಲ್ಲೋ ಇರಬೇಕು. ಕನ್ನಡ ಹಾಡು ಸಿನಿಮಾಕ್ಕೆ, ಭಾವಗೀತೆ ಸಭಾಂಗಣಕ್ಕೆ, ಗಿಟಾರ್ ಇಂಗ್ಲಿಷಿಗೆ. ಹೊಲ ಪಾಲಾದ ಹಾಗೆ ಎಲ್ಲ ಪಾಲಾಗಿತ್ತು.

ಭಾಗ 4

ಅಂತರಾಗ್ನಿ 2005ರ ಹೊತ್ತಿಗೆ ಒಡೀತು. ಆಮೇಲೆ ಬಂದದ್ದು 'ದಿ ರಘು ದೀಕ್ಷಿತ್ ಪ್ರಾಜೆಕ್ಟ್'. ವರ್ಷಗಟ್ಟಲೆ ಕಂಪನಿಗಳ ಬಾಗಿಲು ತಟ್ಟಿದರೂ ಆಲ್ಬಮ್ ಮಾಡೋರು ಸಿಗಲಿಲ್ಲ. ಮುಂಬೈನ ಒಂದು ಕಾರ್ಯಕ್ರಮದಲ್ಲಿ ಸಂಗೀತ ನಿರ್ದೇಶಕ ಜೋಡಿ ವಿಶಾಲ್–ಶೇಖರ್ ಇವರನ್ನ ಕೇಳಿ, ತಮ್ಮದೇ ಲೇಬಲ್‌ನಿಂದ 2008ರಲ್ಲಿ ಮೊದಲ ಆಲ್ಬಮ್ ತಂದರು.

ಆ ಆಲ್ಬಮ್‌ನಲ್ಲಿ ಹಿಂದಿಯದ್ದೇ ಹೆಚ್ಚು. ಕನ್ನಡ ಕಡಿಮೆ. ಇದನ್ನ ಮುಚ್ಚಿಟ್ಟು "ಕನ್ನಡದ ಹುಲಿ" ಅಂತ ಬರೆಯೋಕೆ ನನಗೆ ಮನಸ್ಸಿಲ್ಲ. ಮುಂಬೈನಲ್ಲಿ ಮಾರಬೇಕಾದ್ರೆ ಹಿಂದಿ ಬೇಕಿತ್ತು, ಹಾಡಿದರು. ಆದ್ರೆ ಆ ಕಡಿಮೆಯೊಳಗೆ ಏನಿತ್ತು ಅನ್ನೋದು ಮುಖ್ಯ. 'ಗುಡುಗುಡಿಯಾ ಸೇದಿ ನೋಡೋ', 'ಸೋರುತಿಹುದು ಮನೆಯ ಮಾಳಿಗಿ'. ಎರಡೂ ಶರೀಫರ ಪದ. ಹೊಸ ಕನ್ನಡ ಹಾಡು ಬರೆಸಿ ಹಾಡಬಹುದಿತ್ತು. ಅವರು ಹೋಗಿದ್ದು ನೂರು ವರ್ಷಕ್ಕೂ ಹಳೇ ತತ್ವಪದಕ್ಕೆ. ಮುಂದೆ 'ಲೋಕದ ಕಾಳಜಿ'ಯನ್ನೂ ಹಾಡಿದರು. ನಿಮ್ಮಲ್ಲಿ ಅರ್ಧ ಮಂದಿಗೆ ಶರೀಫರು ಗೊತ್ತಾಗಿದ್ದೇ ಇದರಿಂದ, ಅಲ್ಲೇನು?

ಶರೀಫರು ಹುಟ್ಟಿದ್ದು 1819ರ ಜುಲೈ 3, ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ. ತೀರಿದ್ದು 1889ರಲ್ಲಿ, ಅದೇ ಜುಲೈ 3ರಂದು. ಮುಸ್ಲಿಂ ಮನೆಯ ಮಗ, ಗುರು ಕಳಸದ ಗೋವಿಂದ ಭಟ್ಟರು. ಮೊಹರಂ ಬಂದ್ರೆ ಅಲಾವಿ ಮುಂದೆ ಹಾಡೋ ರಿವಾಯತ್ ಪದಗಳನ್ನೂ ಅವರು ಕಟ್ಟಿದ್ದರು. ಮೊಹರಂ ಹೆಜ್ಜಿ ಕುಣಿತ ನೋಡಿ ಬೆಳೆದ ರಾಯಚೂರಿನವರಿಗೆ ರಿವಾಯತ್ ಅಂದ್ರೇನು ಅಂತ ನಾನು ಹೇಳಬೇಕಿಲ್ಲ.

ಭಾಗ 5

ಮಾಳಿಗಿ ಬಗ್ಗೆ ಒಂದು ಮಾತು, ಸ್ವಲ್ಪ ಉದ್ದ ಆಗ್ತದ, ಸಹಿಸ್ಕೊಳ್ಳಿ.

ನಮ್ಮ ಕಡೆ ಹಳೇ ಮನಿ ನೋಡಿದೋರಿಗೆ ಗೊತ್ತು. ಮಣ್ಣಿನ ಮಾಳಿಗಿ ಮಳೆಗಾಲಕ್ಕೆ ಮುಂಚೆ ರಿಪೇರಿ ಆಗಬೇಕು. ಆಗಲಿಲ್ಲ ಅಂದ್ರೆ ರಾತ್ರಿಯೆಲ್ಲಾ ಪಾತ್ರೆ ಇಟ್ಟು ಕೂಡಬೇಕು. ಒಂದು ಕಡೆ ಮುಚ್ಚಿದ್ರೆ ಇನ್ನೊಂದು ಕಡೆ ಸೋರ್ತದ. ಶರೀಫರು ಆ ಮಾಳಿಗಿ ಹೇಳ್ತಾ ಹೇಳ್ತಾ ಮನುಷ್ಯನ ದೇಹ, ಅವನ ಅಜ್ಞಾನ ಹೇಳಿಬಿಡ್ತಾರೆ. ಗುಡುಗುಡಿಯೂ ಹಾಗೇ: ಹುಕ್ಕಾ ಹೇಳ್ತಾ ಒಳಗಿನ ಸಾಧನೆ ಹೇಳೋದು. ಅದಕ್ಕೇ ಇವು ತತ್ವಪದ. ಮೇಲೆ ಮನಿಯ ಮಾತು, ಒಳಗೆ ತತ್ವ.

ಈ ಪದಗಳು ಭಜನಿ ಮ್ಯಾಳದಿಂದ ನೇರ ರಾಕ್ ವೇದಿಕೆಗೆ ಹಾರಲಿಲ್ಲ. ನಡುವೆ ಒಬ್ಬರಿದ್ದರು, ಸಿ. ಅಶ್ವಥ್. ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಸಿನಿಮಾಕ್ಕೆ ಸಂಗೀತ ಕೊಟ್ಟವರು, ಕ್ಯಾಸೆಟ್ಟಿನ ಕಾಲದಲ್ಲಿ ಶರೀಫರನ್ನ ಮನೆಮನೆಗೆ ತಂದವರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ನಡೆಸಿ, ಕನ್ನಡ ಹಾಡು ಮೈದಾನ ತುಂಬಿಸ್ತದ ಅಂತ ತೋರಿಸಿದರು. 2009ರ ಡಿಸೆಂಬರ್‌ನಲ್ಲಿ ಹೋದರು. ಅವರ ಕೈಯಲ್ಲಿ ಹಾರ್ಮೋನಿಯಂ ಇತ್ತು, ಗಿಟಾರ್ ಇರಲಿಲ್ಲ, ಅಷ್ಟೇ. ಆ ಎತ್ತರದ ದನಿಯಲ್ಲಿ ರಾಕ್ ಇಲ್ಲ ಅನ್ನೋರು ಹೆಡ್‌ಫೋನ್ ಹಾಕ್ಕೊಂಡು ಮತ್ತೊಮ್ಮೆ ಕೇಳಿ. ಅಶ್ವಥ್ ಮಾಳಿಗಿ, ರಘು ಮಾಳಿಗಿ, ಒಂದರ ಹಿಂದೆ ಒಂದು.

ಕೇಳೋವಾಗ ಒಂದು ಗಮನಿಸಿ. ಏಕತಾರಿಗೆ ಇರೋದು ಒಂದೇ ತಂತಿ. ಪದದ ಉದ್ದಕ್ಕೂ ಅದು ಒಂದೇ ಸ್ವರ ಹಿಡಿದಿರ್ತದ, ಹಾಡೋವವನ ದನಿ ಅದರ ಸುತ್ತ ತಿರುಗ್ತದ. ಗಿಟಾರಿನ ಸ್ವಭಾವ ಬೇರೆ, ಅದು ಕಾರ್ಡ್ ಬದಲಿಸಿ ಬದಲಿಸಿ ಮುಂದೆ ಹೋಗ್ತದ. ಹಾಗಾಗಿ ತತ್ವಪದಕ್ಕೆ ಗಿಟಾರ್ ಕೂಡಿಸೋದು ಅಂದ್ರೆ ಸುಮ್ನೆ ಪಕ್ಕದಲ್ಲಿ ಬಾರಿಸೋದಲ್ಲ. ಕಾರ್ಡ್ ಹೆಚ್ಚಿಗೆ ಬದಲಾದ್ರೆ ಪದದ ಧ್ಯಾನ ಒಡೀತದ, ಬದಲಾಗದಿದ್ರೆ ಬ್ಯಾಂಡ್ ಸಪ್ಪೆ ಆಗ್ತದ. ನಾವು ಮೂರು ವಾರ ಒದ್ದಾಡಿದ್ದು ಇದರ ಮೇಲೇ. ಪಲ್ಲವಿ ಮಾತ್ರ ಎರಡಕ್ಕೂ ಒಂದೇ. ಚಿಕ್ಕದು, ಪ್ರತಿ ನುಡಿಗೂ ತಿರುಗಿ ಬರ್ತದ, ಎರಡನೇ ಸಲಕ್ಕೆ ಕೇಳೋರಿಗೆ ಬಾಯಿಗೆ ಬರ್ತದ. ಭಾಷೆ ಗೊತ್ತಿಲ್ಲದ ಮಂದಿಯೂ ರಘು ಕಾರ್ಯಕ್ರಮದಲ್ಲಿ ದನಿಗೂಡಿಸೋದು ಇದರಿಂದಲೇ ಅಂತ ನನ್ನ ಲೆಕ್ಕ.

ಭಾಗ 6

ಹೊರದೇಶದ ಭಾಗ ಬೇಗ ಹೇಳ್ತೀನಿ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮದಲ್ಲಿ ಹಾಡಿದರು. ಅದಾದ ಮೇಲೆ ಆಲ್ಬಮ್ ಬ್ರಿಟನ್ನಿನ ಐಟ್ಯೂನ್ಸ್ ವರ್ಲ್ಡ್ ಮ್ಯೂಸಿಕ್ ಪಟ್ಟಿಯಲ್ಲಿ ಮೇಲಕ್ಕೇರಿತು. 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ, ಅದೇ ವರ್ಷ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿ. 2013ರಲ್ಲಿ ಎರಡನೇ ಆಲ್ಬಮ್ 'ಜಗ್ ಚಂಗಾ'.

ಸಿನಿಮಾ ನಿಮಗೇ ಗೊತ್ತು. 2008ರ 'ಸೈಕೋ', 2010ರ 'ಜಸ್ಟ್ ಮಾತ್ ಮಾತಲ್ಲಿ', 2020ರ 'ಲವ್ ಮಾಕ್‌ಟೇಲ್'. ನನಗೆ ಇವುಗಳಿಗಿಂತ ಹತ್ತಿರ ಅನ್ನಿಸೋದು 2023ರ 'ಆರ್ಕೆಸ್ಟ್ರಾ ಮೈಸೂರು'. ಗಣಪತಿ ಪೆಂಡಾಲಿನ ಮುಂದೆ ಹಾಡಬೇಕು ಅಂತ ಆಸೆಪಡೋ ಹುಡುಗರ ಲೋಕ ಅದು. ರಾಯಚೂರಿನ ಗಲ್ಲಿಗಳಲ್ಲೂ ಆ ಹುಡುಗರು ಇದ್ದಾರೆ.

ಇವರೊಬ್ಬರೇ ಅಲ್ಲ. ವಾಸು ದೀಕ್ಷಿತ್ ಮುಂದೆ ನಿಂತ 'ಸ್ವರಾತ್ಮ' 2009ರಲ್ಲಿ ಮೊದಲ ಆಲ್ಬಮ್ ತಂತು, ಅದರಲ್ಲಿ ಹಿಂದಿಯ ಜೊತೆ ಕನ್ನಡವೂ ಇತ್ತು. ನೀರು, ನೆಲ, ರಾಜಕೀಯ ಅಂತ ಹಾಡೋದು ಅವರ ದಾರಿ. 2012ರ 'ಟೋಪಿವಾಲೆ' ಕೇಳಿ.

ಭಾಗ 7

ಇದನ್ನ ಬರೀಬೇಕೋ ಬ್ಯಾಡೋ ಅಂತ ಎರಡು ದಿನ ಯೋಚಿಸಿದೆ. ಇತಿಹಾಸ ಅಂತ ಹೆಸರಿಟ್ಟ ಮೇಲೆ ಬಿಡೋಕಾಗಲ್ಲ.

2018ರ ಅಕ್ಟೋಬರ್, ಮೀಟೂ ಸಮಯ. ಒಬ್ಬ ಗಾಯಕಿಯ ಜೊತೆ ರಘು ದೀಕ್ಷಿತ್ ಅನುಚಿತವಾಗಿ ನಡೆದುಕೊಂಡರು ಅನ್ನೋ ಆರೋಪವನ್ನ ಗಾಯಕಿ ಚಿನ್ಮಯಿ ಶ್ರೀಪಾದ ಬಹಿರಂಗ ಮಾಡಿದರು. ರಘು ತಾವೇ ಪೋಸ್ಟ್ ಬರೆದು ಕ್ಷಮೆ ಕೇಳಿದರು. ಘಟನೆ ನಡೆದದ್ದು ಹೌದು, ಆದರೆ ವಿವರಿಸಿದ ಹಾಗೆಯೇ ಅಲ್ಲ ಅಂತಲೂ ಬರೆದರು. ಸಾರ್ವಜನಿಕವಾಗಿ ಆದದ್ದು ಇಷ್ಟು. ಇದಕ್ಕಿಂತ ಮುಂದೆ ಹೋಗಿ ತೀರ್ಪು ಬರೆಯೋ ಅಧಿಕಾರ ನನಗಿಲ್ಲ.

ಇದರ ಡ್ರಾಫ್ಟ್ ಓದಿದ ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಹಂಗಾದ್ರ ಅವರ ಮ್ಯಾಲ ಯಾಕ ಬರೀತಿ?" ಒಳ್ಳೇ ಪ್ರಶ್ನೆ. ನನಗೆ ಪೂರ್ತಿ ಉತ್ತರ ಹೊಳೀಲಿಲ್ಲ. ಹೊಳೆದಿದ್ದು ಇಷ್ಟು: ಮುಮ್ಮೇಳದವನು ಪದದ ಮಾಲೀಕ ಅಲ್ಲ. ಮಾಳಿಗಿ ಪದ ಶರೀಫರದು, ಆಮೇಲೆ ಮ್ಯಾಳದವರದು, ಅಶ್ವಥ್ ಅವರದು, ರಘು ಅವರದು, ನಮ್ಮ ಗೆಳೆಯನ ಅಜ್ಜನದು. ಅವರು ತೆರೆದ ಬಾಗಿಲನ್ನ ಬರೆಯೋಕೆ ಅವರನ್ನ ಪೂಜೆ ಮಾಡಬೇಕಿಲ್ಲ. "ಸರಿ, ಆದ್ರ ಈ ಭಾಗ ತೆಗೀಬ್ಯಾಡ" ಅಂದಳು. ತೆಗೆದಿಲ್ಲ.

ಭಾಗ 8

ಈಗ ಮಾನ್ವಿ.

"ಇದನ್ನ ಕನ್ನಡದಲ್ಲಿ ಹಾಡೋದಾ?" ಅನ್ನೋ ಪ್ರಶ್ನೆ ಬೆಂಗಳೂರಿನ ರಾಕ್ ಹುಡುಗರು ಮೊದಲು ಕೇಳಿದ್ದಲ್ಲ. 250 ವರ್ಷಕ್ಕೂ ಹಿಂದೆ ನಮ್ಮಲ್ಲೇ ಕೇಳಿದ್ದರು. ಮಾನ್ವಿ ತಾಲೂಕಿನ ಚೀಕಲಪರ್ವಿಯವರು ವಿಜಯದಾಸರು (1682–1755). ದೇವದುರ್ಗ ತಾಲೂಕಿನ ಮೊಸರಕಲ್ಲಿನವರು ಅವರ ಶಿಷ್ಯ ಗೋಪಾಲದಾಸರು. ತಂಬೂರಿ, ತಾಳ, ಕಾಲಿಗೆ ಗೆಜ್ಜೆ, ಬಾಯಲ್ಲಿ ಕನ್ನಡ. ಮಾನ್ವಿಯಲ್ಲಿದ್ದ ಶ್ರೀನಿವಾಸಾಚಾರ್ಯರು ದೊಡ್ಡ ಸಂಸ್ಕೃತ ಪಂಡಿತರು. ಸಂಪ್ರದಾಯದಲ್ಲಿ ಹೇಳೋ ಕಥೆ ಹೀಗದ: ಬೀದಿಯಲ್ಲಿ ಕನ್ನಡ ಹಾಡಿಕೊಂಡು ಕುಣಿಯೋ ದಾಸರನ್ನ ಕಂಡ್ರೆ ಅವರಿಗೆ ಸಸಾರ. ವಿಜಯದಾಸರು ಕರೆದರೂ ಹೊಟ್ಟೆನೋವಿನ ನೆಪ ಹೇಳಿ ಹೋಗಲಿಲ್ಲ. ನೆಪ ನಿಜವಾಯ್ತು, ನೋವು ಹತ್ತಿಕೊಂಡಿತು. ಕೊನೆಗೆ ವಿಜಯದಾಸರ ಕಡೆಗೇ ಹೋದರು. ಅವರು ಗೋಪಾಲದಾಸರ ಹತ್ತಿರ ಕಳಿಸಿದರು, ಅಲ್ಲಿ ಗುಣವಾಯ್ತು.

ಆ ಪಂಡಿತರೇ ಮುಂದೆ ಜಗನ್ನಾಥದಾಸರು (1728–1809). ಭಾಮಿನಿ ಷಟ್ಪದಿಯಲ್ಲಿ 32 ಸಂಧಿಯ 'ಹರಿಕಥಾಮೃತಸಾರ' ಬರೆದರು, ಕನ್ನಡದಲ್ಲಿ. ಹೊಟ್ಟೆನೋವಿನ ಕಥೆ ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಆದ್ರೆ ಹಾಗೊಂದು ಕಥೆಯನ್ನ ನಮ್ಮ ಮಂದಿ ತಲೆಮಾರುಗಟ್ಟಲೆ ಹೇಳ್ಕೊಂಡು ಬಂದಾರಲ್ಲ, ಅಂದ್ರೆ ಆ ಸಸಾರ ಎಷ್ಟು ಚುಚ್ಚಿತ್ತು ನೋಡ್ರಿ.

ಇನ್ನೊಂದು ಮೋಜು. ವಿಜಯ ವಿಠಲ, ಗೋಪಾಲ ವಿಠಲ, ಜಗನ್ನಾಥ ವಿಠಲ, ಶರೀಫರ ಶಿಶುನಾಳಧೀಶ: ಕೊನೇ ನುಡಿಯಲ್ಲಿ ಅಂಕಿತ ಬಂದೇ ಬರ್ತದ. ಈಗಿನ ಭಾಷೆಯಲ್ಲಿ ಟ್ಯಾಗ್. ಅದನ್ನ ಕತ್ತರಿಸಿ ರೀಲ್ ಮಾಡೋಕೆ ಹೋದ್ರೆ ಹಾಡೇ ಅರ್ಧ ಆಗ್ತದ.

ದಾಸರ ಪದವೂ ಶರೀಫರ ಪದವೂ ಒಂದೇ ಅಂತ ನಾನು ಹೇಳ್ತಿಲ್ಲ. ದೇವರು, ಗುರು, ದಾರಿ ಬೇರೆ ಬೇರೆ. ಆದರೆ ಪುಸ್ತಕದ ಭಾಷೆ ಬಿಟ್ಟು ಮನಿ ಭಾಷೆಯಲ್ಲಿ ಹಾಡ್ತಾ ಬೀದಿಗೆ ಬಂದ ಧೈರ್ಯ ಒಂದೇ. ಒಪ್ಪಿದ ವೇದಿಕೆಯ ಹೊರಗೆ ಬೆಳೆದದ್ದನ್ನೇ ಆಲ್ಟರ್ನೇಟಿವ್ ಅನ್ನೋದಾದ್ರೆ, ಆ ಶಬ್ದಕ್ಕೆ ಚೀಕಲಪರ್ವಿಯಲ್ಲೂ ಜಾಗ ಅದ.

ಭಾಗ 9

ಎರಡು ವಾರದ ಹಿಂದೆ ಬಸ್ ಹತ್ತಿ ದೇವದುರ್ಗದ ಕಡೆ ಹೋದೆ. ಗೆಳೆಯ ಹೊಲದಲ್ಲಿದ್ದ. ಈ ಒಂಬತ್ತು ಭಾಗದಲ್ಲಿ ಬರೆದದ್ದನ್ನೇ ಬದುವಿನ ಮೇಲೆ ಕೂತು ಅಡ್ಡಾದಿಡ್ಡಿ ಹೇಳಿದೆ. "ಅವತ್ತು ಹೂಂ ಅಂದಿದ್ದು ನೀನ ಮೊದಲ" ಅಂದ. ಹೌದು, ನಾನೇ. ತಪ್ಪಾಯ್ತು ಅಂದೆ. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಕಾರ್ಡ್ ಎಷ್ಟು ಹಾಕ್ತೀರಿ?" ಅಂತ ಕೇಳಿದ. ಎರಡೇ ಅಂದೆ.

ಈ ವರ್ಷದ ಫಾರ್ಮ್ ತುಂಬಿದ್ದೀವಿ. ವಿಭಾಗ: ಬ್ಯಾಂಡ್. ಭಾಷೆ: ಕನ್ನಡ. ಹಾಡು: ಮಾಳಿಗಿ ಪದ. ಒಪ್ಪಿದ್ರೆ ಹಾಡ್ತೀವಿ. ಒಪ್ಪದಿದ್ರೆ ಅದೇ ಸಂಜೆ ನಮ್ಮ ತಗಡಿನ ರೂಮಿನ ಮುಂದೆ ಹಾಡ್ತೀವಿ, ಬರ್ರಿ. ಕುರ್ಚಿ ಇಲ್ಲ, ನೀರು ನೀವೇ ತರಬೇಕು.

ಅಜ್ಜನಿಗೂ ಹೇಳಿದ್ದೀವಿ. ಏಕತಾರಿ ಸಮೇತ ಬರ್ತಾರಂತೆ, ಹಿಮ್ಮೇಳಕ್ಕೆ. ಅವರು ಕೇಳಿದ್ದು ಒಂದೇ ಮಾತು:

"ತಮ್ಮಾ, ಆ ಡ್ರಮ್ ಬಾರಸಾವ ನನ್ನ ತಂತಿ ಕೇಳುವಂಗ ಬಾರಸ್ತಾನೇನು?"

#ರಾಯಚೂರು #ಮಾನ್ವಿ #ದೇವದುರ್ಗ #ತತ್ವಪದ #ಕನ್ನಡರಾಕ್